ರಿನೈಸಾನ್ಸ್ ಸಾಹಿತ್ಯವನ್ನೇ ವೃತ್ತಿಯಾಗಿ ಓದಬೇಕೆಂದಿರುವ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದವರಿಗೆ

ಕನ್ನಡ ಶಾಲೆಯಲ್ಲಿ ಓದಿದ ಬಹಳ ಮಂದಿಗೆ ‘ವಸಂತ ಬಂದ, ಋತುಗಳ ರಾಜ ತಾ ಬಂದ’ ಇಂದಿಗೂ ಬಾಯಿಗೆ ಬರುತ್ತದೆ. ಅದರ ಮೂಲ ಕವಿ ಥಾಮಸ್ ನ್ಯಾಶ್, ಶೇಕ್ಸ್‌ಪಿಯರನ ಸಮಕಾಲೀನ. ಅವರಿದ್ದ ಕಾಲವನ್ನೇ ರಿನೈಸಾನ್ಸ್, ಅಂದರೆ ಯೂರೋಪಿನ ಪುನರುಜ್ಜೀವನದ ಕಾಲ ಎನ್ನುತ್ತಾರೆ. ಕನ್ನಡಕ್ಕೆ ತಂದ ಬಿ.ಎಂ. ಶ್ರೀಕಂಠಯ್ಯನವರು ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಮುಳಬಾಗಿಲಿನ ಡಿ.ವಿ. ಗುಂಡಪ್ಪನವರು ‘ಮ್ಯಾಕ್‌ಬೆತ್’ ಅನುವಾದಿಸಿದರು. ಮಾಲೂರು ಸೀಮೆಯ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ‘ಲಿಯರ್ ಮಹಾರಾಜ’, ‘ಚಂಡಮಾರುತ’, ‘ದ್ವಾದಶ ರಾತ್ರಿ’ಗಳನ್ನು ಕೊಟ್ಟರು. ಆ ಕಾಲದ ಇಂಗ್ಲಿಷ್ ಸಾಹಿತ್ಯಕ್ಕೂ ನಮ್ಮ ಕಡೆಗೂ ನಂಟು ಹಳೆಯದು. ಆದರೂ ಎಂ.ಎ. ತರಗತಿಯ ಹುಡುಗಿಯೊಬ್ಬಳು ‘ಸರ್, ನಾನು ಈ ಕಾಲವನ್ನೇ ಸಂಶೋಧನೆಗೆ ತೆಗೆದುಕೊಳ್ಳುತ್ತೇನೆ’ ಎಂದರೆ ಅಧ್ಯಾಪಕರ ಕೊಠಡಿಯಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ‘ಅದನ್ನೆಲ್ಲ ಆಕ್ಸ್‌ಫರ್ಡಿನವರು ಯಾವಾಗಲೋ ಮುಗಿಸಿದ್ದಾರಮ್ಮ. ಭಾರತೀಯ ಇಂಗ್ಲಿಷ್ ಕಾದಂಬರಿ ಯಾವುದಾದರೂ ನೋಡಿಕೊ.’

ಈ ಸಲಹೆಯಲ್ಲಿ ಅರ್ಧ ನಿಜವಿದೆ. ಶೇಕ್ಸ್‌ಪಿಯರನ ನಾಟಕಗಳ ವಿಮರ್ಶೆಯನ್ನಷ್ಟೇ ನೆಚ್ಚಿಕೊಂಡು ಹೊರಟರೆ, ನಾನೂರು ವರ್ಷಗಳಿಂದ ಬರೆಯುತ್ತಲೇ ಇರುವವರ ಸಾಲಿನ ತುದಿಯಲ್ಲಿ ನಿಲ್ಲಬೇಕಾಗುತ್ತದೆ. ಅನುವಾದದ ಕಡೆಯಿಂದ ಒಳಗೆ ಹೋದರೆ ಮಾತ್ರ ಕನ್ನಡ ಬಲ್ಲವರಿಗೆ ಹೇಳಲು ಹೊಸದಾಗಿ ಬೇಕಾದಷ್ಟಿದೆ. ಮುಂದೆ ಹೇಳುವುದೆಲ್ಲ ಈ ಒಂದು ನಂಬಿಕೆಯ ಮೇಲೆ ನಿಂತಿದೆ.

ಮೊದಲು, ಆ ಕಾಲವನ್ನು ಅನುವಾದಕರ ಮೂಲಕ ಓದಿ

ಇಂಗ್ಲಿಷ್ ರಿನೈಸಾನ್ಸ್ ಬಹುಮಟ್ಟಿಗೆ ಅನುವಾದಕರು ಕಟ್ಟಿದ್ದು. ಥಾಮಸ್ ವಯಟ್ ಇಟಲಿಯ ಪೆಟ್ರಾರ್ಕನ ಸುನೀತಗಳನ್ನು (ಹದಿನಾಲ್ಕು ಸಾಲಿನ ಸಾನೆಟ್‌ಗಳನ್ನು) ತಿರುಗಿಸುತ್ತಲೇ ಆ ಪ್ರಕಾರವನ್ನು ಇಂಗ್ಲಿಷಿನಲ್ಲಿ ಬೇರೂರಿಸಿದ. 1567ರಲ್ಲಿ ಆರ್ಥರ್ ಗೋಲ್ಡಿಂಗ್ ಲ್ಯಾಟಿನ್ ಕವಿ ಓವಿಡನ ‘ಮೆಟಮಾರ್ಫಸಿಸ್’ ಅನ್ನು ಪೂರ್ತಿಯಾಗಿ ತಂದ. 1579ರಲ್ಲಿ ಥಾಮಸ್ ನಾರ್ತ್ ಗ್ರೀಕ್ ಲೇಖಕ ಪ್ಲೂಟಾರ್ಕನ ಜೀವನಚರಿತ್ರೆಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ. ಅವನು ಮುಂದಿಟ್ಟುಕೊಂಡದ್ದು ಗ್ರೀಕ್ ಮೂಲವನ್ನಲ್ಲ, ಜಾಕ್ ಆಮ್ಯೊ 1559ರಲ್ಲಿ ಮಾಡಿದ್ದ ಫ್ರೆಂಚ್ ಅನುವಾದವನ್ನು. ಫ್ರೆಂಚ್ ಪ್ರಬಂಧಕಾರ ಮೊಂತೇನನನ್ನು ಜಾನ್ ಫ್ಲೋರಿಯೊ ಇಂಗ್ಲಿಷಿಗೆ ತಂದದ್ದು 1603ರಲ್ಲಿ. ಹೆಂಗಸರೂ ಇದ್ದರು: ಮಾರ್ಗರೆಟ್ ಟೈಲರ್ 1578ರಲ್ಲಿ ಸ್ಪ್ಯಾನಿಷ್ ವೀರಕಥೆಯೊಂದನ್ನು ಇಂಗ್ಲಿಷಿಗೆ ತಂದಳು. ಈ ಕೆಲಸ ಕೆಲವರಿಗೆ ಜೀವಕ್ಕೇ ಮುಳುವಾಯಿತು. ಬೈಬಲನ್ನು ಇಂಗ್ಲಿಷಿಗೆ ತಂದ ವಿಲಿಯಂ ಟಿಂಡಲನನ್ನು 1536ರಲ್ಲಿ ಕೊಂದರು. ಅನುವಾದ ಮಾಡುವ ಕ್ರಮದ ಬಗ್ಗೆ 1540ರಲ್ಲಿ ಪುಸ್ತಿಕೆ ಬರೆದ ಫ್ರಾನ್ಸಿನ ಎತಿಯೆನ್ ದೊಲೆಗೆ 1546ರಲ್ಲಿ ಪ್ಯಾರಿಸ್ಸಿನಲ್ಲಿ ಅದೇ ಗತಿಯಾಯಿತು.

ಇದನ್ನು ಇತಿಹಾಸದ ಪಾಠದಂತೆ ಉರು ಹೊಡೆಯಬೇಡಿ. ಒಂದು ನೋಟ್‌ಬುಕ್ ತೆಗೆದುಕೊಂಡು ಪುಟವನ್ನು ಎರಡು ಭಾಗ ಮಾಡಿ. ಎಡಕ್ಕೆ ನಾರ್ತ್ ಕ್ಲಿಯೋಪಾತ್ರಳ ದೋಣಿಯನ್ನು ವರ್ಣಿಸುವ ಗದ್ಯ, ಬಲಕ್ಕೆ ಶೇಕ್ಸ್‌ಪಿಯರನ ‘ಆಂಟನಿ ಅಂಡ್ ಕ್ಲಿಯೋಪಾತ್ರ’ದ ಎರಡನೆಯ ಅಂಕದ ಎರಡನೆಯ ದೃಶ್ಯದಲ್ಲಿ ಈನೊಬಾರ್ಬಸ್ ಆಡುವ ಮಾತು. ಚಿನ್ನದ ಹಿಂಗೋಟು, ಕೆನ್ನೀಲಿ ಹಾಯಿ, ಕೊಳಲಿನ ತಾಳಕ್ಕೆ ಬೀಳುವ ಬೆಳ್ಳಿಯ ಹುಟ್ಟುಗಳು ನಾರ್ತ್‌ನಲ್ಲೇ ಇವೆ. ಹಾಯಿಗೆ ಮನಸೋತ ಗಾಳಿ, ಹುಟ್ಟಿನ ಹೊಡೆತಕ್ಕೆ ಮೋಹಗೊಂಡ ನೀರು ಮಾತ್ರ ಶೇಕ್ಸ್‌ಪಿಯರನವು. ಯಾವುದನ್ನು ಹಾಗೇ ಎತ್ತಿಕೊಂಡ, ಎಲ್ಲಿ ತನ್ನದನ್ನು ಸೇರಿಸಿದ ಎಂದು ಒಂದೊಂದು ಪದಕ್ಕೂ ಗೆರೆ ಎಳೆಯುತ್ತ ಹೋಗಿ. ಹತ್ತು ವಿಮರ್ಶಾ ಲೇಖನಗಳಿಗಿಂತ ಈ ಒಂದು ಸಂಜೆ ಹೆಚ್ಚು ಕಲಿಸುತ್ತದೆ.

ಎರಡನೆಯ ಅಭ್ಯಾಸಕ್ಕೆ ನಾಲ್ಕು ಕಾಲಂ ಬೇಕು. ಓವಿಡನ ಏಳನೆಯ ಭಾಗದಲ್ಲಿ ಮೆಡಿಯ ಎಂಬ ಮಾಟಗಾತಿ ಪ್ರಕೃತಿಯ ಶಕ್ತಿಗಳನ್ನು ಕೂಗಿ ಕರೆಯುವ ಮಾತಿದೆ. ಅದನ್ನು ಗೋಲ್ಡಿಂಗ್ ಇಂಗ್ಲಿಷಿಗೆ ತಂದ. ಶೇಕ್ಸ್‌ಪಿಯರ್ ಅದನ್ನು ‘ದಿ ಟೆಂಪೆಸ್ಟ್’ನ ಕೊನೆಯ ಅಂಕದಲ್ಲಿ ಮಾಂತ್ರಿಕ ಪ್ರಾಸ್ಪೆರೊನ ಬಾಯಲ್ಲಿಟ್ಟ. ಅಲ್ಲಿಂದ ಮಾಸ್ತಿಯವರ ‘ಚಂಡಮಾರುತ’ಕ್ಕೆ ಬಂತು. ಓವಿಡನಲ್ಲಿ ಕಾಡಿನ ದೇವತೆಗಳು ಇರುವ ಕಡೆ ಗೋಲ್ಡಿಂಗ್ ಇಂಗ್ಲೆಂಡಿನ ಜನಪದ ನಂಬಿಕೆಯ ಕಿರುಭೂತಗಳನ್ನು ತಂದು ನಿಲ್ಲಿಸಿದ್ದಾನೆ. ಮಾಸ್ತಿಯವರು ಅವುಗಳನ್ನು ಏನು ಮಾಡಿದರು ಎಂದು ನೀವೇ ನೋಡಿ. ಇದೇ ನಾಟಕದಿಂದ ಕುವೆಂಪು ಮಾಡಿದ ‘ಬಿರುಗಾಳಿ’ ರೂಪಾಂತರ. ಅದನ್ನು ಐದನೆಯ ಕಾಲಂ ಆಗಿ ಸೇರಿಸಿದರೆ ಅನುವಾದಕ್ಕೂ ರೂಪಾಂತರಕ್ಕೂ ಇರುವ ಅಂತರ ಯಾರೂ ವಿವರಿಸದೆ ತಿಳಿಯುತ್ತದೆ.

ಪದವಿಯ ಲೆಕ್ಕಾಚಾರ

ಬಿ.ಎ.ಯಲ್ಲಿ ಐಚ್ಛಿಕ ಇಂಗ್ಲಿಷ್ ಜೊತೆಗೆ ಐಚ್ಛಿಕ ಕನ್ನಡ ಸಿಗುವುದಾದರೆ ಬಿಡಬೇಡಿ. ಕನ್ನಡ ಸುಲಭದ ಅಂಕಕ್ಕೆ ಎಂದು ತಿಳಿದವರು ಎಂ.ಎ.ಗೆ ಬರುವ ಹೊತ್ತಿಗೆ ಪಂಪ, ಕುಮಾರವ್ಯಾಸರನ್ನು ಓದಲಾರದೆ ಕೈಚೆಲ್ಲುತ್ತಾರೆ. ಹಾಗಾದವರ ಅನುವಾದ ಸಂಶೋಧನೆಗೆ ಒಂದು ಕಾಲು ಕುಂಟೇ. ಎಂ.ಎ.ಯನ್ನು ತುಮಕೂರು ವಿಶ್ವವಿದ್ಯಾನಿಲಯದಲ್ಲೋ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದಲ್ಲೋ ಮಾಡಿದರೆ ಯಾವ ನಷ್ಟವೂ ಇಲ್ಲ. ಆದರೆ 55 ಶೇಕಡ ಅಂಕ ಇರಲೇಬೇಕು, ಮೀಸಲಾತಿ ವರ್ಗಗಳಿಗೆ 50. ಇದಕ್ಕಿಂತ ಕಡಿಮೆಯಾದರೆ ಮುಂದಿನ ಬಾಗಿಲುಗಳೆಲ್ಲ ಮುಚ್ಚುತ್ತವೆ. ಪಠ್ಯಕ್ರಮದಲ್ಲಿ ಈ ಕಾಲಕ್ಕೆ ಸಿಗುವ ಜಾಗ ಕಡಿಮೆ. ಹಾಗಾಗಿ ಕಿರುಪ್ರಬಂಧ ಬರೆಯುವ ಅವಕಾಶ ಬಂದಾಗ ಅದನ್ನು ಈ ವಿಷಯಕ್ಕೇ ಮೀಸಲಿಡಿ.

ಹೊರಗೆ ಹೋಗಬಲ್ಲವರಿಗೆ ಮೂರು ಜಾಗಗಳನ್ನು ಹೇಳುತ್ತೇನೆ. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಅನ್ವಯಿಕ ಭಾಷಾವಿಜ್ಞಾನ ಮತ್ತು ಅನುವಾದ ಅಧ್ಯಯನಕ್ಕೇ ಒಂದು ಕೇಂದ್ರವಿದೆ. ಅದೇ ಊರಿನಲ್ಲಿ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ ಇದೆ. ರಿನೈಸಾನ್ಸ್ ಅಧ್ಯಯನದಲ್ಲಿ ದೇಶದಲ್ಲೇ ಗಟ್ಟಿ ಪರಂಪರೆ ಇರುವುದು ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯಕ್ಕೆ. ಅಲ್ಲಿ ಪಾಠ ಮಾಡಿದ ಸುಕಾಂತ ಚೌಧುರಿಯವರು ಶೇಕ್ಸ್‌ಪಿಯರನ ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ ನಾಟಕವನ್ನು ಪ್ರತಿಷ್ಠಿತ ಆರ್ಡನ್ ಮಾಲೆಗೆ ಸಂಪಾದಿಸಿದ್ದಾರೆ, ಬಂಗಾಳಿಯಿಂದ ಅನುವಾದವನ್ನೂ ಮಾಡಿದ್ದಾರೆ. ಎರಡೂ ಕೆಲಸವನ್ನು ಭಾರತದಲ್ಲಿ ಕೂತು ಒಬ್ಬರೇ ಮಾಡಬಹುದು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಲ್ಯಾಟಿನ್, ತಪ್ಪಿಸಿಕೊಳ್ಳುವಂತಿಲ್ಲ

ಹದಿನಾರನೆಯ ಶತಮಾನದ ಯೂರೋಪಿನಲ್ಲಿ ಓದು ಬಲ್ಲವರು ಬರೆದದ್ದು, ಜಗಳವಾಡಿದ್ದು ಹೆಚ್ಚಾಗಿ ಲ್ಯಾಟಿನ್‌ನಲ್ಲಿ. ಅದು ಬಾರದೆ ಈ ಕ್ಷೇತ್ರದಲ್ಲಿ ಬಹಳ ದೂರ ಹೋಗಲಾಗದು. ಹೆದರುವ ಕಾರಣವಿಲ್ಲ. ಕನ್ನಡ ಶಾಲೆಯಲ್ಲಿ ವಿಭಕ್ತಿ ಪ್ರತ್ಯಯಗಳನ್ನು ಒಪ್ಪಿಸಿದವರಿಗೆ, ಸ್ವಲ್ಪ ಸಂಸ್ಕೃತ ಗೊತ್ತಿದ್ದವರಿಗಂತೂ, ಲ್ಯಾಟಿನ್ ನಾಮಪದದ ಆರು ವಿಭಕ್ತಿಗಳು ಅಪರಿಚಿತವಲ್ಲ. ವಾಕ್ಯದ ಕೊನೆಗೆ ಕ್ರಿಯಾಪದ ಬಂದರೆ ನಮಗೆ ಅದೇ ಸಹಜ. ಇಂಗ್ಲಿಷ್ ಒಂದೇ ಬಲ್ಲ ವಿದ್ಯಾರ್ಥಿ ತಿಂಗಳುಗಟ್ಟಲೆ ಒದ್ದಾಡುವ ಜಾಗ ಇದು.

ದಿನಕ್ಕೆ ಅರ್ಧ ಗಂಟೆ, ಬಿಡದೆ. ಒಂದು ವ್ಯಾಕರಣ ಪುಸ್ತಕ ಹಿಡಿದು ಮೊದಲ ಆರು ತಿಂಗಳು ರೂಪಗಳನ್ನು ಬರೆದು ಕಲಿಯಿರಿ. ಆಮೇಲೆ ವಲ್ಗೇಟ್ ಎಂದು ಕರೆಯುವ ಲ್ಯಾಟಿನ್ ಬೈಬಲ್ ತೆರೆದು, ಪಕ್ಕದಲ್ಲಿ ಕನ್ನಡ ಸತ್ಯವೇದ ಇಟ್ಟುಕೊಂಡು ಒಂದು ಸುವಾರ್ತೆ ಓದಿ. ಅದರ ಲ್ಯಾಟಿನ್ ಸರಳ, ಕಥೆಯೂ ಗೊತ್ತಿರುವಂಥದ್ದು. ಸಿಸೆರೊ, ಓವಿಡ್ ಎರಡನೆಯ ವರ್ಷಕ್ಕೆ ಇರಲಿ. ಇದರ ಜೊತೆಗೆ ಫ್ರೆಂಚ್ ಅಥವಾ ಇಟಾಲಿಯನ್, ಎರಡರಲ್ಲಿ ನಿಮ್ಮ ವಿಷಯಕ್ಕೆ ಬೇಕಾದ ಒಂದು. ಫ್ರೆಂಚ್ ಕಲಿಯಲು ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ತರಗತಿಗಳಿವೆ. ಇಟಾಲಿಯನ್ನನ್ನು ಮನೆಯಲ್ಲೇ ಓದಿಕೊಳ್ಳಬಹುದು, ಲ್ಯಾಟಿನ್ ಬಂದ ಮೇಲೆ ಅದು ಅರ್ಧ ಬಂದಂತೆಯೇ.

ಬಾಗೇಪಲ್ಲಿ, ಚಿಂತಾಮಣಿ, ಶ್ರೀನಿವಾಸಪುರದ ಕಡೆಯ ವಿದ್ಯಾರ್ಥಿಗಳಿಗೆ ಬೇರೆಯಾಗಿ ಒಂದು ಮಾತು ಹೇಳಬೇಕು. ನಿಮ್ಮಲ್ಲಿ ಬಹಳ ಮಂದಿಯ ಮನೆಮಾತು ತೆಲುಗು, ಶಾಲೆ ಕನ್ನಡ, ಸಂತೆಯಲ್ಲಿ ದಖನಿ ಉರ್ದು, ಕಾಲೇಜಿನಲ್ಲಿ ಇಂಗ್ಲಿಷ್. ಕೆ.ಜಿ.ಎಫ್. ಕಡೆಯವರಾದರೆ ತಮಿಳೂ ಸೇರುತ್ತದೆ. ‘ನನಗೆ ಯಾವ ಭಾಷೆಯೂ ಸರಿಯಾಗಿ ಬರುವುದಿಲ್ಲ’ ಎಂದು ಹೇಳಿಕೊಂಡು ತಲೆತಗ್ಗಿಸುವ ಇವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕೈವಾರದ ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದ ನೆಲ ಇದು. ಮೂರು ನಾಲ್ಕು ಭಾಷೆಗಳ ನಡುವೆ ದಿನವೂ ದಾಟುವ ಬದುಕು ಹದಿನಾರನೆಯ ಶತಮಾನದ ಆಂಟ್‌ವರ್ಪ್, ವೆನಿಸ್ ನಗರಗಳ ಮುದ್ರಕರಿಗೂ ಅನುವಾದಕರಿಗೂ ಸಾಮಾನ್ಯವಾಗಿತ್ತು. ಅದರ ಅಂತರಂಗ ನಿಮಗೆ ಪುಸ್ತಕದಿಂದ ತಿಳಿಯಬೇಕಾದ್ದಲ್ಲ.

ಹಳೆಯ ಮುದ್ರಣವನ್ನು ಮೊಬೈಲಿನಲ್ಲೇ ಓದಬಹುದು

ನಮ್ಮ ಹಿಂದಿನ ತಲೆಮಾರಿನವರಿಗೆ ಲಂಡನ್ನಿಗೆ ಹೋಗದೆ 1600ರ ಪುಸ್ತಕ ಕಾಣುತ್ತಿರಲಿಲ್ಲ. ಈಗ ‘ಅರ್ಲಿ ಇಂಗ್ಲಿಷ್ ಬುಕ್ಸ್ ಆನ್‌ಲೈನ್’ ಸಂಗ್ರಹದ ಪುಸ್ತಕಗಳಲ್ಲಿ ಸುಮಾರು 60,000 ಪಠ್ಯಗಳನ್ನು ಅಕ್ಷರಕ್ಕಕ್ಷರ ಟೈಪ್ ಮಾಡಿ ಎಲ್ಲರಿಗೂ ಉಚಿತವಾಗಿ ಬಿಟ್ಟಿದ್ದಾರೆ. ಮೊದಲ ಕಂತು 2015ರಲ್ಲಿ, ಎರಡನೆಯದು 2020ರಲ್ಲಿ ಬಿಡುಗಡೆಯಾಯಿತು. ಗೋಲ್ಡಿಂಗ್, ನಾರ್ತ್, ಫ್ಲೋರಿಯೊ ಎಲ್ಲರೂ ಅಲ್ಲಿದ್ದಾರೆ. ತುಮಕೂರಿನಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಓಡಾಡುವವರು ಒಂದು ಪಠ್ಯವನ್ನು ಇಳಿಸಿಕೊಂಡು ಹತ್ತಿದರೆ ಯಶವಂತಪುರ ಬರುವಷ್ಟರಲ್ಲಿ ಒಂದು ಅಧ್ಯಾಯ ಮುಗಿದಿರುತ್ತದೆ.

ಮೂಲ ಮುದ್ರಣದ ಚಿತ್ರ ನೋಡಿದಾಗ ಮೊದಲ ದಿನ ಕಣ್ಣು ತಡವರಿಸುತ್ತದೆ. ‘ಎಸ್’ ಅಕ್ಷರ ಉದ್ದವಾಗಿ ‘ಎಫ್’ನಂತೆ ಕಾಣುತ್ತದೆ. ಪದದ ಆರಂಭದಲ್ಲಿ ‘ಯು’ ಬದಲು ‘ವಿ’, ನಡುವೆ ‘ವಿ’ ಬದಲು ‘ಯು’ ಬರುತ್ತದೆ. ‘ಜೆ’ ಇರಬೇಕಾದ ಕಡೆ ‘ಐ’ ಕೂತಿರುತ್ತದೆ. ಒಂದೇ ಪುಟದಲ್ಲಿ ಒಂದೇ ಪದಕ್ಕೆ ಮೂರು ಕಾಗುಣಿತ ಇದ್ದರೂ ಅದು ತಪ್ಪಲ್ಲ. ಒಂದು ವಾರ ದಿನಕ್ಕೆರಡು ಪುಟ ಗಟ್ಟಿಯಾಗಿ ಓದಿದರೆ ಸಾಕು. ಕೈಬರಹ ಬೇರೆ ಮಾತು. ಆ ಕಾಲದ ‘ಸೆಕ್ರೆಟರಿ’ ಬರಹವನ್ನು ಕಲಿಸಲು ಕೇಂಬ್ರಿಜ್ ವಿಶ್ವವಿದ್ಯಾಲಯದ ಉಚಿತ ಪಾಠಗಳು ಜಾಲತಾಣದಲ್ಲಿವೆ.

ಇನ್ನೆರಡು ಸಾಧನಗಳನ್ನು ಮರೆಯಬೇಡಿ. 1473ರಿಂದ 1640ರವರೆಗೆ ಬ್ರಿಟನ್ನಿನಲ್ಲಿ ಅಚ್ಚಾದ ಅನುವಾದಗಳ ಪಟ್ಟಿಯನ್ನು ವಾರಿಕ್ ವಿಶ್ವವಿದ್ಯಾಲಯದವರು ‘ರಿನೈಸಾನ್ಸ್ ಕಲ್ಚರಲ್ ಕ್ರಾಸ್‌ರೋಡ್ಸ್’ ಹೆಸರಿನಲ್ಲಿ ಮಾಡಿದ್ದಾರೆ. ಯಾರು, ಯಾವ ಭಾಷೆಯಿಂದ, ನಡುವೆ ಯಾವ ಭಾಷೆ ಹಾದು ಎಂದು ಅದರಲ್ಲಿ ಹುಡುಕಬಹುದು. ಟೊರಾಂಟೊ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಆ ಕಾಲದ ನಿಘಂಟುಗಳೇ ಇವೆ. ಗೋಲ್ಡಿಂಗ್ ಬಳಸಿದ ಪದಕ್ಕೆ ಇಂದಿನ ಆಕ್ಸ್‌ಫರ್ಡ್ ಏನು ಹೇಳುತ್ತದೆ ಎನ್ನುವುದಕ್ಕಿಂತ ಅವನ ಕಾಲದವರು ಏನು ಅರ್ಥ ಮಾಡಿಕೊಂಡರು ಎನ್ನುವುದೇ ನಮಗೆ ಮುಖ್ಯ.

ಇಂಗ್ಲಿಷ್ ಭಾಗ ಇಷ್ಟು ಸುಲಭವಾದರೆ ಕನ್ನಡದ ಭಾಗಕ್ಕೆ ಕಾಲು ಸವೆಸಬೇಕು. ಹಳೆಯ ಕನ್ನಡ ಅನುವಾದಗಳ ಮೊದಲ ಮುದ್ರಣಗಳನ್ನು ಇಂಟರ್ನೆಟ್ ಆರ್ಕೈವ್‌ನಲ್ಲಿ ಮೊದಲು ಹುಡುಕಿ. ಸಿಗದಿದ್ದರೆ ಬೆಂಗಳೂರು ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು, ಡಿ.ವಿ.ಜಿ.ಯವರೇ 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಇವುಗಳ ಗ್ರಂಥಾಲಯಗಳಿವೆ. ಮುನ್ನುಡಿ, ಅರಿಕೆ, ಒಪ್ಪೋಲೆಗಳನ್ನು (ತಪ್ಪು-ಒಪ್ಪುಗಳ ಪಟ್ಟಿಗಳನ್ನು) ಬಿಡದೆ ಫೋಟೊ ತೆಗೆದುಕೊಳ್ಳಿ. ಅನುವಾದಕ ತನ್ನ ಕೆಲಸದ ಬಗ್ಗೆ ಬಾಯಿಬಿಡುವುದು ಅಲ್ಲೇ, ಮರುಮುದ್ರಣಗಳಲ್ಲಿ ಅವು ಕಳೆದುಹೋಗಿರುವುದೂ ಉಂಟು. ವಿದ್ವತ್ ಪತ್ರಿಕೆಗಳಿಗೆ ದುಡ್ಡು ಕೊಡಬೇಡಿ. 2025ರ ಜನವರಿಯಿಂದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆಯಲ್ಲಿ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಮಾರು 13,000 ಪತ್ರಿಕೆಗಳು ದೊರೆಯುತ್ತವೆ. ನಿಮ್ಮ ಕಾಲೇಜು ಅದರಲ್ಲಿ ಸೇರಿದೆಯೇ ಎಂದು ಗ್ರಂಥಪಾಲಕರನ್ನು ಕೇಳಿ.

ಪ್ರಶ್ನೆಯನ್ನು ಹುಡುಕುವುದು

‘ಶೇಕ್ಸ್‌ಪಿಯರನ ನಾಟಕಗಳಲ್ಲಿ ಸ್ತ್ರೀ ಪಾತ್ರಗಳು’ ಎಂಬ ಬಗೆಯ ಶೀರ್ಷಿಕೆಗಳನ್ನು ದೇಶದ ಪಿಎಚ್.ಡಿ. ಪ್ರಬಂಧಗಳ ಜಾಲಸಂಗ್ರಹವಾದ ಶೋಧಗಂಗಾದಲ್ಲಿ ಹುಡುಕಿ ನೋಡಿ, ಉತ್ಸಾಹ ತಾನೇ ಇಳಿಯುತ್ತದೆ. ವಿಷಯ ದೊಡ್ಡದಾದಷ್ಟೂ ಪ್ರಬಂಧ ಪೊಳ್ಳಾಗುತ್ತದೆ. ಚಿಕ್ಕದನ್ನು ಹಿಡಿದು ಆಳಕ್ಕೆ ಹೋಗುವುದು ಹೇಗೆ ಎನ್ನುವುದಕ್ಕೆ ನ್ಯಾಶ್‌ನ ವಸಂತದ ಹಾಡನ್ನೇ ತೆಗೆದುಕೊಳ್ಳೋಣ.

ಆ ಹಾಡು ಇರುವುದು ‘ಸಮರ್ಸ್ ಲಾಸ್ಟ್ ವಿಲ್ ಅಂಡ್ ಟೆಸ್ಟಮೆಂಟ್’ ಎಂಬ ನಾಟಕದಲ್ಲಿ. 1592ರಲ್ಲಿ ಲಂಡನ್ನಿನಲ್ಲಿ ಪ್ಲೇಗ್ ಇದ್ದಾಗ, ಊರಾಚೆ ಕ್ರಾಯ್ಡನ್ನಿನಲ್ಲಿ ಆರ್ಚ್‌ಬಿಷಪ್ಪರ ಅರಮನೆಯಲ್ಲಿ ಅದು ನಡೆಯಿತು. ಅಚ್ಚಾದದ್ದು 1600ರಲ್ಲಿ. ಚಿಗುರು, ಹಕ್ಕಿ, ಕುಣಿತದ ಈ ಹಾಡು ಇರುವ ನಾಟಕದಲ್ಲೇ ‘ನನಗೆ ಕಾಯಿಲೆ, ನಾನು ಸಾಯಲೇಬೇಕು’ ಎಂದು ಮತ್ತೆ ಮತ್ತೆ ಹೇಳುವ ಪ್ಲೇಗಿನ ಹಾಡೂ ಇದೆ. 1861ರಲ್ಲಿ ಪಾಲ್‌ಗ್ರೇವ್ ತನ್ನ ‘ಗೋಲ್ಡನ್ ಟ್ರೆಷರಿ’ ಸಂಕಲನದ ಮೊಟ್ಟಮೊದಲ ಕವಿತೆಯಾಗಿ ವಸಂತದ ಹಾಡನ್ನಿಟ್ಟ. ನಾಟಕ ಕಳಚಿತು, ಪ್ಲೇಗ್ ಹೋಯಿತು, ಬರಿಯ ಹಿಗ್ಗು ಉಳಿಯಿತು. ಭಾರತದ ಕಾಲೇಜುಗಳಿಗೆ ಬಂದದ್ದು ಈ ಸಂಕಲನ. ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ ಮೂಲಕ ಹಾಡು ಕನ್ನಡಕ್ಕೆ, ಅಲ್ಲಿಂದ ಪಠ್ಯಪುಸ್ತಕಕ್ಕೆ, ಮಕ್ಕಳ ಬಾಯಿಗೆ. ಪ್ರತಿ ಹಂತದಲ್ಲೂ ಏನು ಬಿಟ್ಟುಹೋಯಿತು, ಏನು ಸೇರಿತು? ಸಾಕ್ಷ್ಯಗಳೆಲ್ಲ ಕೈಗೆಟಕುವಂತಿವೆ, ಪ್ರಶ್ನೆ ಸ್ಪಷ್ಟವಾಗಿದೆ, ಕನ್ನಡ ಬಾರದವರು ಬರೆಯಲಾರರು. ಸಂಶೋಧನೆಯ ವಿಷಯಕ್ಕೆ ನಾನು ಕೇಳುವ ಮೂರು ಗುಣಗಳು ಇವೇ.

ಇದೇ ಅಳತೆಗೆ ಹೊಂದುವ ಬೇರೆ ವಿಷಯಗಳೂ ಇವೆ. ಎಂ.ಎಲ್. ಶ್ರೀಕಂಠೇಶಗೌಡರು ಮ್ಯಾಕ್‌ಬೆತ್‌ನಿಂದ ಮಾಡಿದ ‘ಪ್ರತಾಪರುದ್ರದೇವ’ವನ್ನೂ ಡಿ.ವಿ.ಜಿ.ಯವರ ಅನುವಾದವನ್ನೂ ಅಕ್ಕಪಕ್ಕ ಇಡಬಹುದು. ಗೋವೆಯಲ್ಲಿ ನೆಲೆಸಿ ಮರಾಠಿಯಲ್ಲಿ ‘ಕ್ರಿಸ್ತಪುರಾಣ’ ಬರೆದು 1616ರಲ್ಲಿ ಅಚ್ಚು ಹಾಕಿಸಿದ ಥಾಮಸ್ ಸ್ಟೀಫನ್ಸ್ ಶೇಕ್ಸ್‌ಪಿಯರನ ಕಾಲದ ಇಂಗ್ಲಿಷಿನವನು. ಅವನನ್ನು ಇಂಗ್ಲಿಷ್ ರಿನೈಸಾನ್ಸ್‌ನ ಲೆಕ್ಕಕ್ಕೆ ಸೇರಿಸುವವರು ವಿರಳ. ಕಷ್ಟದ್ದು ಬೇಕೆಂದವರಿಗೆ ಇನ್ನೊಂದು: ಫ್ರೆಂಚ್ ಭಾಷೆಯ ಪರವಾಗಿ ಕವಿ ದ್ಯು ಬೆಲೆ 1549ರಲ್ಲಿ ವಾದ ಹೂಡಿದ. ಭಟ್ಟಾಕಳಂಕ ಕನ್ನಡಕ್ಕೆ ‘ಶಬ್ದಾನುಶಾಸನ’ ಎಂಬ ವ್ಯಾಕರಣ ಬರೆದದ್ದು 1604ರಲ್ಲಿ, ಅದೂ ಸಂಸ್ಕೃತ ಸೂತ್ರಗಳಲ್ಲಿ. ದೊಡ್ಡ ಭಾಷೆಯ ಎದುರು ದೇಶಭಾಷೆಗೆ ಮಾನ ತರುವ ಈ ಎರಡು ಪ್ರಯತ್ನಗಳಿಗೆ ಪರಸ್ಪರ ಪರಿಚಯವೇ ಇಲ್ಲ. ಹೋಲಿಕೆ ಎಲ್ಲಿಯವರೆಗೆ ನಿಲ್ಲುತ್ತದೆ, ಎಲ್ಲಿ ಮುರಿಯುತ್ತದೆ ಎನ್ನುವುದೇ ಪ್ರಬಂಧ.

ಪರೀಕ್ಷೆ, ಪಿಎಚ್.ಡಿ., ಸಂಬಳ

ಇದನ್ನು ಚುಟುಕಾಗಿ ಹೇಳುತ್ತೇನೆ, ಕೋಚಿಂಗ್ ಸೆಂಟರುಗಳು ಉದ್ದವಾಗಿ ಹೇಳುತ್ತವೆ. ಯುಜಿಸಿ ನೆಟ್, ಅಂದರೆ ಅಧ್ಯಾಪಕರ ಅರ್ಹತೆಗೂ ಸಂಶೋಧನಾ ಫೆಲೋಶಿಪ್‌ಗೂ ಇರುವ ರಾಷ್ಟ್ರಮಟ್ಟದ ಪರೀಕ್ಷೆ, ಮೂರು ಗಂಟೆಯದು. ಮೊದಲ ಪತ್ರಿಕೆ 50 ಪ್ರಶ್ನೆ, ಎರಡನೆಯದು 100, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಇಂಗ್ಲಿಷ್, ಕನ್ನಡ ಎರಡೂ ವಿಷಯಗಳಾಗಿ ಇವೆ. ಕನ್ನಡ ಎಂ.ಎ. ಮಾಡಿದವರೂ ಈ ದಾರಿಯಲ್ಲಿ ಬರಬಹುದು, ಅನುವಾದದ ಸಂಶೋಧನೆಗೆ ಕನ್ನಡ ವಿಭಾಗದಲ್ಲಿ ಅಡ್ಡಿಯಿಲ್ಲ. ರಾಜ್ಯದ ಕೆ-ಸೆಟ್ ಪರೀಕ್ಷೆಯನ್ನು 2023ರಿಂದ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತಿದೆ. ಅದು ಅಧ್ಯಾಪಕರ ಅರ್ಹತೆ ಕೊಡುತ್ತದೆ, ಫೆಲೋಶಿಪ್ ಕೊಡುವುದಿಲ್ಲ. ನೆಟ್‌ನಲ್ಲಿ ಜೆ.ಆರ್.ಎಫ್. (ಕಿರಿಯ ಸಂಶೋಧನಾ ಫೆಲೋಶಿಪ್) ಬಂದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಮನೆಯಲ್ಲಿ ‘ಬಿ.ಎಡ್. ಮಾಡಿ ಮೇಷ್ಟ್ರಾಗು’ ಎನ್ನುವವರಿಗೆ ತೋರಿಸಲು ಈ ಅಂಕಿಗಿಂತ ಒಳ್ಳೆಯ ವಾದವಿಲ್ಲ. ವಯೋಮಿತಿ ಇರುವುದರಿಂದ ಎಂ.ಎ. ಎರಡನೆಯ ವರ್ಷದಲ್ಲೇ ಬರೆಯಲು ಶುರುಮಾಡಿ.

2022ರ ಯುಜಿಸಿ ನಿಯಮದಂತೆ ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಎಂ.ಫಿಲ್. ಈಗ ಇಲ್ಲ. ಕೆಲಸದಲ್ಲಿರುವವರು ಸಂಸ್ಥೆಯ ಒಪ್ಪಿಗೆ ಪತ್ರದೊಂದಿಗೆ ಅರೆಕಾಲಿಕವಾಗಿ ಮಾಡಬಹುದು. ಕಾಯಂ ಸಹಾಯಕ ಪ್ರಾಧ್ಯಾಪಕರ ಮೂಲ ವೇತನ ಏಳನೆಯ ವೇತನ ಆಯೋಗದ ಶ್ರೇಣಿಯಲ್ಲಿ 57,700 ರೂಪಾಯಿಯಿಂದ ಆರಂಭ. ಅಲ್ಲಿಗೆ ತಲುಪುವ ಮುನ್ನ ಅತಿಥಿ ಉಪನ್ಯಾಸಕರಾಗಿ ಕೆಲವು ವರ್ಷ ಕಳೆಯುವುದು ಬಹುತೇಕರ ಪಾಡು. ಆ ವರ್ಷಗಳಲ್ಲಿ ಲ್ಯಾಟಿನ್ ಬಿಟ್ಟರೆ ಮತ್ತೆ ಹಿಡಿಯುವುದು ಕಷ್ಟ.

ನೀವೂ ಅನುವಾದ ಮಾಡುವುದಾದರೆ

ಮಾಡಲೇಬೇಕು ಎಂಬುದು ನನ್ನ ಅಭಿಪ್ರಾಯ. ಸ್ವತಃ ಒಂದು ಸುನೀತವನ್ನಾದರೂ ತಿರುಗಿಸದವರ ಅನುವಾದ ಸಿದ್ಧಾಂತದಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ವ್ಯವಸ್ಥೆ ಇದಕ್ಕೆ ಕೊಡುವ ಬೆಲೆ ಗೊತ್ತಿರಲಿ: 2018ರ ಯುಜಿಸಿ ನಿಯಮಾವಳಿಯ ಸಂಶೋಧನಾ ಅಂಕಗಳಲ್ಲಿ ಇಡೀ ಒಂದು ಪುಸ್ತಕದ ಅನುವಾದಕ್ಕೆ 8, ಮಾನವಿಕ ವಿಷಯದ ಒಂದು ಲೇಖನಕ್ಕೆ 10. ಮೂರು ವರ್ಷ ಕೂತು ಮೊಂತೇನನನ್ನು ಕನ್ನಡಕ್ಕೆ ತಂದವನು ಹತ್ತು ಪುಟದ ಲೇಖನ ಬರೆದವನಿಗಿಂತ ಹಿಂದೆ. ಹಾಗಾಗಿ ಪ್ರತಿ ಅನುವಾದದ ಜೊತೆಗೆ ಅದರ ಬಗ್ಗೆ ಒಂದು ಲೇಖನವನ್ನೂ ಬರೆದುಬಿಡಿ.

ಹಕ್ಕುಸ್ವಾಮ್ಯದ ಲೆಕ್ಕ ಸರಳ. ಭಾರತದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ. 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ. ಅವರ ಅನುವಾದಗಳನ್ನು ಈಗ ಯಾರು ಬೇಕಾದರೂ ಅಚ್ಚು ಹಾಕಬಹುದು. ಡಿ.ವಿ.ಜಿ. (1975) ಅವರದು 2035ರ ಕೊನೆಯವರೆಗೆ, ಮಾಸ್ತಿ (1986) ಅವರದು 2046ರ ಕೊನೆಯವರೆಗೆ ಹಕ್ಕಿನಲ್ಲಿರುತ್ತವೆ. ವಿಮರ್ಶೆಗಾಗಿ ಕೆಲವು ಸಾಲು ಉದ್ಧರಿಸಲು ತೊಂದರೆಯಿಲ್ಲ, ಇಡೀ ದೃಶ್ಯ ಮರುಮುದ್ರಿಸಲು ಅನುಮತಿ ಬೇಕು. ಓವಿಡ್, ಪೆಟ್ರಾರ್ಕ್ ಯಾರ ಸ್ವತ್ತೂ ಅಲ್ಲ. ಆದರೆ ಇತ್ತೀಚಿನ ಇಂಗ್ಲಿಷ್ ಅನುವಾದವನ್ನು ಮುಂದಿಟ್ಟುಕೊಂಡು ‘ಮೂಲದಿಂದ’ ಎಂದು ಪ್ರಕಟಿಸಿದರೆ ಸಿಕ್ಕಿಬೀಳುತ್ತೀರಿ.

ಮಾರ್ಗದರ್ಶಕರಿಗೆ ಪತ್ರ

ಪಿಎಚ್.ಡಿ. ಅಧಿಸೂಚನೆ ಬರುವವರೆಗೆ ಕಾಯಬೇಡಿ. ಆರು ತಿಂಗಳು ಮುಂಚೆಯೇ ಬರೆಯಿರಿ. ಮೊದಲು ಆ ಪ್ರಾಧ್ಯಾಪಕರ ಕನಿಷ್ಠ ಎರಡು ಲೇಖನ ಓದಿರಬೇಕು. ‘ಮಾನ್ಯ ಪ್ರಾಧ್ಯಾಪಕರೇ, ತಮ್ಮ ಮಾರ್ಗದರ್ಶನದಲ್ಲಿ ಸಂಶೋಧನೆ ಮಾಡುವ ಬಯಕೆಯಿದೆ’ ಎಂದು ಇಪ್ಪತ್ತು ಮಂದಿಗೆ ಒಂದೇ ಪತ್ರ ಕಳಿಸಿದರೆ ಇಪ್ಪತ್ತೂ ಉತ್ತರವಿಲ್ಲದೆ ಉಳಿಯುತ್ತವೆ. ಪತ್ರ ಒಂದು ಪುಟ ಮೀರಬಾರದು: ನಿಮ್ಮ ಪ್ರಶ್ನೆ ಎರಡು ವಾಕ್ಯದಲ್ಲಿ, ಸಾಕ್ಷ್ಯ ಎಲ್ಲಿದೆ, ಯಾವ ಭಾಷೆಗಳು ಎಷ್ಟು ಬರುತ್ತವೆ, ನೆಟ್ ಫಲಿತಾಂಶ. ಲ್ಯಾಟಿನ್ ಅರ್ಧ ಬಂದಿದ್ದರೆ ಅರ್ಧ ಎಂದೇ ಬರೆಯಿರಿ, ಸಂದರ್ಶನದಲ್ಲಿ ಒಂದು ಸಾಲು ಓದಿಸಿದರೆ ಗೊತ್ತಾಗಿಬಿಡುತ್ತದೆ. ಜೊತೆಗೆ ನಾಲ್ಕು ಕಾಲಂ ಅಭ್ಯಾಸದಿಂದ ಒಂದು ಭಾಷಣವನ್ನು ಆರಿಸಿ, ಅದರ ಮೇಲೆ ಸಾವಿರ ಪದಗಳ ಟಿಪ್ಪಣಿ ಬರೆದು ಲಗತ್ತಿಸಿ. ಕನ್ನಡ ಉದ್ಧರಣೆಗಳಿಗೆ ನಿಮ್ಮದೇ ಇಂಗ್ಲಿಷ್ ಅನುವಾದ ಇರಲಿ, ಕೋಲ್ಕತ್ತದಲ್ಲೋ ಹೈದರಾಬಾದಿನಲ್ಲೋ ಅದನ್ನು ಓದುವವರಿಗೆ ಕನ್ನಡ ಬಾರದಿರಬಹುದು. ಮೂರು ವಾರ ಉತ್ತರ ಬರದಿದ್ದರೆ ಒಂದು ಸಲ ನೆನಪಿಸಿ, ಆಮೇಲೆ ಪಟ್ಟಿಯಲ್ಲಿ ಮುಂದಿನವರಿಗೆ ಬರೆಯಿರಿ.